‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’: ಹಳೆಯ ಸ್ಕ್ಯಾನರ್, ಡೆಬಿಯನ್ ಮತ್ತು ಒಂಬತ್ತು ಸಂಜೆಗಳು

ಹಿನ್ನೆಲೆ

ಇದು ನಡೆದದ್ದು ಮಲೆನಾಡಿನ ಒಂದು ತಾಲೂಕು ಕೇಂದ್ರದ ಪುಟ್ಟ ಗ್ರಂಥಾಲಯದಲ್ಲಿ. ಸರ್ಕಾರದ್ದಲ್ಲ, ಊರಿನವರು ವಂತಿಗೆ ಹಾಕಿ ಕಟ್ಟಿಕೊಂಡದ್ದು. ಊರಿನ ಹೆಸರೂ ಜನರ ಹೆಸರೂ ಇಲ್ಲಿ ಬೇಡ. ಗ್ರಂಥಾಲಯ ನೋಡಿಕೊಳ್ಳುವ ನಿವೃತ್ತ ಶಿಕ್ಷಕರನ್ನು ಎಲ್ಲರೂ ಕರೆಯುವಂತೆ ಮೇಷ್ಟ್ರು ಎನ್ನುತ್ತೇನೆ. ಸಂಜೆ ಬಂದು ಕಂಪ್ಯೂಟರ್ ಕೆಲಸ ಮಾಡಿಕೊಡುವ ಡಿಪ್ಲೊಮಾ ವಿದ್ಯಾರ್ಥಿನಿ ಇನ್ನೊಬ್ಬಳು. ನಾನು ಬಹುಪಾಲು ಫೋನಿನ ಈ ತುದಿಯಲ್ಲಿದ್ದವನು. ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ, ತಾಂತ್ರಿಕ ಸಂಗತಿಗಳನ್ನಲ್ಲ.

ಗ್ರಂಥಾಲಯದ ಒಂದು ಬೀರುವಿನಲ್ಲಿ ಕೈಬರಹದ ಮಾಸಪತ್ರಿಕೆಯ 41 ಸಂಚಿಕೆಗಳಿವೆ. ಊರಿನ ಯುವಕ ಸಂಘದವರು 60ರ ದಶಕದಲ್ಲಿ ಶುರುಮಾಡಿದ ಪತ್ರಿಕೆ ಅದು. ತಿಂಗಳಿಗೆ ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಸುತ್ತುತ್ತಿತ್ತು, ಓದಿದವರು ಕೊನೆಯ ಪುಟದಲ್ಲಿ ಸಹಿ ಹಾಕಿ ಮುಂದಿನವರಿಗೆ ಕೊಡಬೇಕಿತ್ತು. ಆಮೇಲೆ ಯಾರೋ ಪುಣ್ಯಾತ್ಮರು ಅವನ್ನು ಸೇರಿಸಿ ದಾರದಲ್ಲಿ ಹೊಲಿಸಿ ಆರು ಸಂಪುಟ ಮಾಡಿಸಿದ್ದಾರೆ. ಒಟ್ಟು ಸುಮಾರು 1,400 ಪುಟ. ನೀಲಿ ಶಾಯಿ ಮಾಸಿ ಕಂದು ಬಣ್ಣಕ್ಕೆ ತಿರುಗುತ್ತಿದೆ, ಅಂಚುಗಳಲ್ಲಿ ಬೆಳ್ಳಿಮೀನಿನ ಕೆಲಸ ಕಾಣುತ್ತದೆ. ಇನ್ನೊಂದು ಮಳೆಗಾಲ ಬರುವ ಮೊದಲು ಎಲ್ಲವನ್ನೂ ಚಿತ್ರವಾಗಿ ಉಳಿಸಿಕೊಳ್ಳಬೇಕೆಂದು ಮೇಷ್ಟ್ರು ಹಟ ಹಿಡಿದರು.

ಇದ್ದ ಸಾಧನಗಳು ಎರಡು. ಒಂದು, ಎಪ್ಸನ್ ಪರ್ಫೆಕ್ಷನ್ 1670 ಫ್ಲಾಟ್‌ಬೆಡ್ ಸ್ಕ್ಯಾನರ್. ಸದಸ್ಯರ ಫೋಟೊ ಸ್ಕ್ಯಾನ್ ಮಾಡಲೆಂದು ದಾನಿಯೊಬ್ಬರು ಬಹಳ ಹಿಂದೆ ಕೊಡಿಸಿದ್ದು. ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರ್ ಕೆಟ್ಟ ಮೇಲೆ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಮೇಜಿನ ಕೆಳಗೆ ಇಟ್ಟಿದ್ದರು. ಎರಡು, 2013ರ ಆಸುಪಾಸಿನ ಒಂದು ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್. ವಿದ್ಯಾರ್ಥಿನಿ ಅದಕ್ಕೆ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿದ್ದಳು. ಕಾಸು ಖರ್ಚಿಲ್ಲ, ಹಳೆಯ ಯಂತ್ರದ ಮೇಲೆ ಹಗುರವಾಗಿ ಓಡುತ್ತದೆ ಎಂಬುದಷ್ಟೇ ಅವಳ ಕಾರಣ.

ಹೊಸದನ್ನು ಕೊಳ್ಳಲಿಲ್ಲವೇಕೆ

ಮೊದಲ ನಿರ್ಧಾರವೇ ಇದಾದ್ದರಿಂದ ಇಲ್ಲಿ ತುಸು ನಿಲ್ಲುತ್ತೇನೆ. ಎದುರಿನ ಡಿಟಿಪಿ ಅಂಗಡಿಯವರ ಸಲಹೆ ನೇರವಾಗಿತ್ತು: “ಇದನ್ನು ಗುಜರಿಗೆ ಹಾಕಿ ಮೇಷ್ಟ್ರೇ, ತೆಳ್ಳಗಿನ ಹೊಸ ಸ್ಕ್ಯಾನರ್ ಬರುತ್ತದೆ, ಯುಎಸ್‌ಬಿ ವೈರೊಂದೇ ಸಾಕು, ಬೇರೆ ಕರೆಂಟೂ ಬೇಡ.” ಸುಳ್ಳಲ್ಲ. ಆದರೆ ಆ ತೆಳ್ಳಗಿನ ಸ್ಕ್ಯಾನರುಗಳಲ್ಲಿರುವುದು ಸಿಐಎಸ್ ಎಂಬ ಸಂವೇದಕ. ಅದು ಗಾಜಿಗೆ ಅಂಟಿಕೊಂಡಂತೆ ಚಲಿಸುತ್ತದೆ. ಕಾಗದ ಗಾಜಿನಿಂದ ಕೂದಲೆಳೆಯಷ್ಟು ಮೇಲೆದ್ದರೂ ಅಕ್ಷರ ಮಸುಕಾಗುತ್ತದೆ. ಹಳೆಯ ದಪ್ಪ ಸ್ಕ್ಯಾನರಿನಲ್ಲಿರುವುದು ಸಿಸಿಡಿ. ಅದರೊಳಗೆ ಕನ್ನಡಿಗಳೂ ಮಸೂರವೂ ಇದ್ದು, ಬೆಳಕು ಬಳಸಿಕೊಂಡು ಬಂದು ಸಂವೇದಕ ಸೇರುತ್ತದೆ. ಆದ್ದರಿಂದ ಫೋಕಸ್ ಒಂದಿಷ್ಟು ಎತ್ತರದವರೆಗೂ ನಿಲ್ಲುತ್ತದೆ. ಹೊಲಿದ ಸಂಪುಟದಲ್ಲಿ ಹೊಲಿಗೆಯ ಕಡೆಯ ಸಾಲುಗಳು ಗಾಜಿಗೆ ತಾಗುವುದೇ ಇಲ್ಲ. ನಮಗೆ ಬೇಕಾದದ್ದು ಅಲ್ಲಿನ ಅಕ್ಷರಗಳೇ.

ಮೊಬೈಲ್ ಕ್ಯಾಮೆರಾ ಮೇಲಿನಿಂದ ಹಿಡಿದು ಫೋಟೊ ತೆಗೆಯುವ ದಾರಿಯೂ ಇತ್ತು. ಬಿಗಿಯಾಗಿ ಅಂಟು ಹಾಕಿದ ಬೈಂಡಿಂಗ್ ಆಗಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ಫ್ಲಾಟ್‌ಬೆಡ್ ಮೇಲೆ ಪುಸ್ತಕವನ್ನು ಬೋರಲು ಒತ್ತಿದರೆ ಬೆನ್ನು ಸೀಳುತ್ತದೆ. ಈ ಸಂಪುಟಗಳದ್ದು ಸಡಿಲವಾದ ದಾರದ ಹೊಲಿಗೆ, ಪೂರ್ತಿ ಚಪ್ಪಟೆಯಾಗಿ ತೆರೆಯುತ್ತಿದ್ದವು. ಅದನ್ನು ಕಂಡ ಮೇಲೆಯೇ ಹಳೆಯ ಸ್ಕ್ಯಾನರನ್ನು ಎಬ್ಬಿಸಿ ನೋಡೋಣ ಎಂದು ತೀರ್ಮಾನವಾಯಿತು. ಇದಕ್ಕೆ ಒಂದು ವಾರದ ಗಡುವನ್ನೂ ಮೇಷ್ಟ್ರೇ ಹಾಕಿದರು. ಅದು ಎರಡು ದಿನ ಮೀರಿತು.

ತೊಡಕು

ಮೊದಲ ಸಂಜೆ ಪಂಚೆ ಬಿಚ್ಚಿ, ದೂಳು ಒರೆಸಿ, ಅಡಾಪ್ಟರ್ ಸಿಕ್ಕಿಸಿ, ಯುಎಸ್‌ಬಿ ವೈರನ್ನು ಕಂಪ್ಯೂಟರಿನ ಮುಂಬದಿಗೆ ಹಾಕಿದರು. ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟರೆ 04ಬಿ8:011ಎಫ್ ಎಂಬ ಸಾಲು ಬಂತು. ಮೊದಲ ಭಾಗ ಕಂಪನಿಯ ಸಂಖ್ಯೆ, ಎರಡನೆಯದು ಮಾದರಿಯದು. ‘ಸೇನ್-ಫೈಂಡ್-ಸ್ಕ್ಯಾನರ್’ ಕೊಟ್ಟರೆ ಅದೂ “ಸ್ಕ್ಯಾನರ್ ಸಿಕ್ಕಿತು” ಎಂದಿತು. ಎಲ್ಲರಿಗೂ ಖುಷಿ. ಆದರೆ ಸ್ಕ್ಯಾನಿಂಗ್ ತಂತ್ರಾಂಶ ತೆರೆದು ಗುಂಡಿ ಒತ್ತಿದರೆ ಸ್ಕ್ಯಾನರಿಗೆ ಸಂಪರ್ಕ ಸಿಗುತ್ತಿಲ್ಲ ಎಂಬ ಒಂದೇ ದೂರು. ಟರ್ಮಿನಲ್ಲಿನಲ್ಲಿ ‘ಸ್ಕ್ಯಾನ್‌ಇಮೇಜ್’ ಕೊಟ್ಟಾಗ ಅದೇ ದೂರು ಇನ್ನಷ್ಟು ಒಗಟಾಯಿತು: ಸಾಧನವನ್ನು ತೆರೆಯಲಾಗಲಿಲ್ಲ, ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’.

ಈ ಎರಡು ಪದಗಳನ್ನು ಓದಿದ ಯಾರಿಗಾದರೂ ಅನ್ನಿಸುವುದು ಒಂದೇ, ನಾನು ಕಮಾಂಡನ್ನು ತಪ್ಪಾಗಿ ಬರೆದಿದ್ದೇನೆ ಎಂದು. ವಿದ್ಯಾರ್ಥಿನಿಗೂ ಹಾಗೆಯೇ ಅನ್ನಿಸಿತು. ಆ ಸಂಜೆಯೆಲ್ಲ ಅವಳು ರೆಸಲ್ಯೂಷನ್ ಬದಲಿಸಿ, ಬಣ್ಣ ಬಿಟ್ಟು ಕಪ್ಪು-ಬಿಳುಪು ಮಾಡಿ, ಪುಟದ ಅಳತೆ ಕಡಿಮೆ ಮಾಡಿ ಹತ್ತಾರು ಬಗೆಯಲ್ಲಿ ಅದೇ ಕಮಾಂಡನ್ನು ಕೊಟ್ಟಳಂತೆ. ಪ್ರತಿ ಬಾರಿಯೂ ಅದೇ ಉತ್ತರ.

ಲಿನಕ್ಸ್‌ನಲ್ಲಿ ಸ್ಕ್ಯಾನರುಗಳ ವ್ಯವಹಾರ ನೋಡಿಕೊಳ್ಳುವುದು ಸೇನ್ ಎಂಬ ವ್ಯವಸ್ಥೆ. ‘ಸ್ಕ್ಯಾನರ್ ಆಕ್ಸೆಸ್ ನೌ ಈಸಿ’ ಎಂಬುದರ ಮೊದಲಕ್ಷರಗಳನ್ನು ಸೇರಿಸಿದ ಹೆಸರದು. 1996ರಿಂದ ಬೆಳೆದುಬಂದದ್ದು. ಅದರ ಜಾಣತನ ಇರುವುದು ಕೆಲಸವನ್ನು ಎರಡು ಪಾಲು ಮಾಡಿದ್ದರಲ್ಲಿ. ನಮಗೆ ಕಾಣುವ ಕಿಟಕಿ, ಗುಂಡಿಗಳೆಲ್ಲ ಒಂದು ಕಡೆ. ಒಂದೊಂದು ಜಾತಿಯ ಸ್ಕ್ಯಾನರಿನೊಡನೆ ಅದರದೇ ಭಾಷೆಯಲ್ಲಿ ಮಾತನಾಡುವ ಬ್ಯಾಕೆಂಡುಗಳು ಇನ್ನೊಂದು ಕಡೆ. ಮೇಲಿನ ಕಿಟಕಿ ಯಾವುದೇ ಇರಲಿ, ಕೆಳಗಿನ ಬ್ಯಾಕೆಂಡ್ ಒಂದೇ. ಹಾಗಾಗಿ ಮೇಲಿನ ತಂತ್ರಾಂಶವನ್ನು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಇದು ಗೊತ್ತಿಲ್ಲದೆ ನಮ್ಮವರು ಎರಡನೆಯ ಸಂಜೆ ಬೇರೆ ಬೇರೆ ಮೂರು ಸ್ಕ್ಯಾನಿಂಗ್ ತಂತ್ರಾಂಶ ಹಾಕಿ ನೋಡಿದರು.

ಹೊರಗಿನ ಹೆಸರು, ಒಳಗಿನ ಭಾಷೆ

ಮೂರನೆಯ ಮತ್ತು ನಾಲ್ಕನೆಯ ಸಂಜೆ ಹೋದದ್ದು ಒಂದು ತೀರಾ ಸಹಜವಾದ ತಪ್ಪಿಗೆ. ಸ್ಕ್ಯಾನರಿನ ಮುಚ್ಚಳದ ಮೇಲೆ ಎಪ್ಸನ್ ಎಂದು ಬರೆದಿದೆ. ‘ಇಟಿಸಿ’ ಫೋಲ್ಡರಿನೊಳಗಿನ ‘ಸೇನ್.ಡಿ’ಯಲ್ಲಿ ನೋಡಿದರೆ ‘ಎಪ್ಸನ್2.ಕಾನ್ಫ್’ ಎಂಬ ಸೆಟ್ಟಿಂಗ್ ಫೈಲ್ ಇದೆ, ಎಪ್ಸನ್2 ಬ್ಯಾಕೆಂಡಿನದು. ಇನ್ನೇನು ಬೇಕು? ವಿದ್ಯಾರ್ಥಿನಿ ಆ ಫೈಲಿನ ಕೊನೆಗೆ ತನ್ನ ಸ್ಕ್ಯಾನರಿನ ಎರಡು ಸಂಖ್ಯೆಗಳನ್ನು ಸೇರಿಸಿದಳು. ಇನ್ನೊಂದು ಸಾಧನಕ್ಕೆ ಅದರಿಂದ ಉಪಕಾರವಾಗಿದ್ದನ್ನು ಎಲ್ಲೋ ಓದಿದ್ದಳಂತೆ. ಇಲ್ಲಿ ಅಪಕಾರವೇ ಆಯಿತು. ಅಲ್ಲಿಯವರೆಗೆ ಪಟ್ಟಿಯಲ್ಲಾದರೂ ಕಾಣುತ್ತಿದ್ದ ಸ್ಕ್ಯಾನರ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗತೊಡಗಿತು. ಪ್ಲಗ್ ಕಿತ್ತು ಮತ್ತೆ ಹಾಕಿದರೆ ಮಾತ್ರ ತಿರುಗಿ ಬರುತ್ತಿತ್ತು.

ಐದನೆಯ ಸಂಜೆ ನನಗೆ ಫೋನ್ ಬಂತು. ಅಷ್ಟರಲ್ಲಿ ಏನೇನು ಬದಲಿಸಿದ್ದರೆಂದು ಅವರಿಗೇ ಪೂರ್ತಿ ನೆನಪಿರಲಿಲ್ಲ. ನಾನು ಕೇಳಿಕೊಂಡ ಮೊದಲ ಕೆಲಸ, ಹೊಸದಾಗಿ ಏನನ್ನೂ ಮಾಡದೆ ಹಾಕಿದ್ದನ್ನೆಲ್ಲ ತೆಗೆಯುವುದು. ‘ಎಪ್ಸನ್2.ಕಾನ್ಫ್’ ಮೊದಲಿನಂತಾಯಿತು. ಆಮೇಲೆ ಸ್ಕ್ಯಾನರುಗಳ ಪಟ್ಟಿ ತೋರಿಸುವ ‘ಸ್ಕ್ಯಾನ್‌ಇಮೇಜ್ -ಎಲ್’ (ದೊಡ್ಡ ಅಕ್ಷರದ ಎಲ್) ಕೊಟ್ಟು ಬಂದ ಸಾಲನ್ನು ಗಟ್ಟಿಯಾಗಿ ಓದಲು ಹೇಳಿದೆ.

“ಸಾಧನ, ಸ್ನ್ಯಾಪ್‌ಸ್ಕ್ಯಾನ್, ಕೋಲನ್, ಲಿಬ್‌ಯುಎಸ್‌ಬಿ...”

“ಮೊದಲ ಪದ ಇನ್ನೊಮ್ಮೆ ಓದು.”

“ಸ್ನ್ಯಾಪ್‌ಸ್ಕ್ಯಾನ್.” ಆಮೇಲೆ ಸ್ವಲ್ಪ ಹೊತ್ತು ಮೌನ. “ಸರ್, ಇದು ಮೊದಲ ದಿನದಿಂದಲೂ ಹೀಗೆಯೇ ಬರುತ್ತಿತ್ತು.”

ಹೌದು, ಮೊದಲ ದಿನದಿಂದಲೂ ಬರುತ್ತಿತ್ತು. ಕೋಲನ್ನಿನ ಮುಂಚಿನ ಪದ ಬ್ಯಾಕೆಂಡಿನ ಹೆಸರು. ಈ ಸ್ಕ್ಯಾನರನ್ನು ಯಾರು ನೋಡಿಕೊಳ್ಳುತ್ತಾರೆಂದು ಸೇನ್ ಅಲ್ಲಿಯೇ ಹೇಳಿಬಿಡುತ್ತದೆ. ಸ್ನ್ಯಾಪ್‌ಸ್ಕ್ಯಾನ್ ಎಂಬುದು ಮೂಲತಃ ಅಗ್ಫಾ ಕಂಪನಿಯ ಸ್ಕ್ಯಾನರುಗಳಿಗೆಂದು ಹುಟ್ಟಿದ ಬ್ಯಾಕೆಂಡ್. ಎಪ್ಸನ್ನಿನ 1670, 2480, 2580, 3490ರಂತಹ ಕೆಲವು ಮಾದರಿಗಳು ಒಳಗೊಳಗೆ ಅದೇ ಬಗೆಯ ಭಾಷೆ ಆಡುತ್ತವೆ. ಮನೆಯ ಬಾಗಿಲಿನ ಮೇಲೆ ಒಂದು ಹೆಸರು, ಅಡುಗೆಮನೆಯಲ್ಲಿ ಇನ್ನೊಂದು ಮಾತು. ನಮ್ಮಲ್ಲಿ ಇದೇನು ಹೊಸದೇ? ಆದರೆ ಯಂತ್ರದ ವಿಷಯಕ್ಕೆ ಬಂದಾಗ ಬಾಗಿಲಿನ ಹೆಸರನ್ನೇ ನಂಬುತ್ತೇವೆ.

ತಿರುವು

ಬ್ಯಾಕೆಂಡಿನ ಹೆಸರು ಗೊತ್ತಾದರೆ ಅದನ್ನೇ ಬಾಯಿ ಬಿಡಿಸಬಹುದು. ಸೇನ್‌ನ ಪ್ರತಿ ಬ್ಯಾಕೆಂಡಿಗೂ ಒಂದು ಡೀಬಗ್ ಸೆಟ್ಟಿಂಗ್, ಅಂದರೆ ದೋಷ ಹುಡುಕಲು ನೆರವಾಗುವ ಸೆಟ್ಟಿಂಗ್ ಇರುತ್ತದೆ. ‘ಸೇನ್_ಡೀಬಗ್_ಸ್ನ್ಯಾಪ್‌ಸ್ಕ್ಯಾನ್’ಗೆ 255 ಎಂಬ ಬೆಲೆ ಕೊಟ್ಟು ಅದೇ ಕಮಾಂಡನ್ನು ಓಡಿಸಿದರೆ ಬ್ಯಾಕೆಂಡ್ ತಾನು ಮಾಡುವುದನ್ನೆಲ್ಲ ವರದಿ ಒಪ್ಪಿಸುತ್ತದೆ. ಪರದೆಯ ತುಂಬ ಸಾಲುಗಳು ಉರುಳಿದವು. ಕೊನೆಯಿಂದ ಮೇಲಕ್ಕೆ ಓದಿಕೊಂಡು ಹೋಗಲು ಹೇಳಿದೆ. ಸೋತ ಜಾಗ ಕೊನೆಯಲ್ಲಿರುತ್ತದೆ, ಅದರ ಕಾರಣ ಸ್ವಲ್ಪ ಮೇಲೆ. ಸಿಕ್ಕಿತು: ಫರ್ಮ್‌ವೇರ್ ಫೈಲ್ ತೆರೆಯಲಾಗುತ್ತಿಲ್ಲ, ‘ಸ್ನ್ಯಾಪ್‌ಸ್ಕ್ಯಾನ್.ಕಾನ್ಫ್’ನಲ್ಲಿ ಅದರ ನಮೂದನ್ನು ತಿದ್ದಿಕೊಳ್ಳಿ.

ತೆರೆಯಲಾಗದ ಫೈಲಿನ ಹೆಸರು ‘ಯುವರ್-ಫರ್ಮ್‌ವೇರ್‌ಫೈಲ್.ಬಿನ್’. ಅಂದರೆ “ಇಲ್ಲಿ ನಿಮ್ಮ ಫೈಲಿನ ಹೆಸರು ಬರೆಯಿರಿ” ಎಂದು ಬಿಟ್ಟಿದ್ದ ಖಾಲಿ ಜಾಗ. ಅರ್ಜಿ ನಮೂನೆಯಲ್ಲಿ ‘ಅರ್ಜಿದಾರರ ಹೆಸರು’ ಎಂದಿರುವ ಕಡೆ ಏನನ್ನೂ ತುಂಬದೆ ಕೊಟ್ಟರೆ ಗುಮಾಸ್ತರು ‘ಅರ್ಜಿದಾರ’ ಎಂಬುವನನ್ನೇ ಹುಡುಕಿಕೊಂಡು ಹೊರಟರಂತೆ, ಹಾಗಾಯಿತು. ಸೇನ್ ಆ ಹೆಸರಿನ ಫೈಲನ್ನು ಶ್ರದ್ಧೆಯಿಂದ ಹುಡುಕಿ, ಸಿಗದೆ, ಮೇಲಿನವರಿಗೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದು ವರದಿ ಕೊಡುತ್ತಿತ್ತು. ತಪ್ಪು ಮೌಲ್ಯ ಇದ್ದದ್ದು ನಿಜ. ನಾವು ಟೈಪ್ ಮಾಡಿದ ಕಮಾಂಡಿನಲ್ಲಿ ಅಲ್ಲ, ಯಾರೂ ತೆರೆದು ನೋಡದ ಫೈಲಿನ ಒಂದು ಸಾಲಿನಲ್ಲಿ.

ಈ ಸ್ಕ್ಯಾನರ್ ಪ್ರತಿದಿನ ನೆನಪಿಲ್ಲದೆ ಏಳುತ್ತದೆ. ಅದನ್ನು ನಡೆಸುವ ಫರ್ಮ್‌ವೇರ್ ಅದರೊಳಗೆ ಶಾಶ್ವತವಾಗಿ ಕುಳಿತಿಲ್ಲ. ಕರೆಂಟ್ ಬಂದ ಮೇಲೆ ಕಂಪ್ಯೂಟರ್ ಅದನ್ನು ಯುಎಸ್‌ಬಿ ಮೂಲಕ ತುಂಬಬೇಕು. ಪ್ಲಗ್ ಕಿತ್ತರೆ ಅಷ್ಟೂ ಹೋಯಿತು, ನಾಳೆ ಮತ್ತೆ ಮೊದಲಿನಿಂದ. ಮೊದಲು ವಿಂಡೋಸ್ ಡ್ರೈವರ್ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದುದರಿಂದ ಯಾರಿಗೂ ಗೊತ್ತಿರಲಿಲ್ಲ. ಆ ಫರ್ಮ್‌ವೇರಿನ ಹಕ್ಕು ತಯಾರಕರದ್ದು, ಹಾಗಾಗಿ ಡೆಬಿಯನ್ ಅದನ್ನು ತನ್ನ ಜೊತೆ ಹಂಚುವುದಿಲ್ಲ. ಸ್ಕ್ಯಾನರ್ ಇದ್ದವರು ತಮ್ಮ ಡ್ರೈವರ್ ಸಿಡಿಯಿಂದ ತೆಗೆದುಕೊಳ್ಳಬೇಕು. 1670ಕ್ಕೆ ಬೇಕಾದ ಫೈಲಿನ ಹೆಸರು ‘ಇಎಸ್‌ಎಫ್‌ಡಬ್ಲ್ಯು30.ಬಿನ್’. ಅದರ ಒಡಹುಟ್ಟಿದ 2480ಕ್ಕೆ 41, 3490ಕ್ಕೆ 52. ಒಂದರ ಫೈಲ್ ಇನ್ನೊಂದಕ್ಕೆ ಒಗ್ಗುವುದಿಲ್ಲ. ಅಂತರಜಾಲದಲ್ಲಿ ಯಾರೋ ಇಟ್ಟ ಬಿನ್ ಫೈಲನ್ನು ತಂದು ಹಾಕುವ ಯೋಚನೆಯೂ ಬಂದಿತ್ತು. ಬೇಡವೆಂದೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಒಳಗಿರುವುದು ಅದೇ ಎಂದು ಹೇಗೆ ನಂಬುವುದು?

ಸಿಡಿ

ಇಲ್ಲಿ ಮೇಷ್ಟ್ರ ಸ್ವಭಾವ ನಮ್ಮನ್ನು ಕಾಪಾಡಿತು. ಅವರು ಯಾವ ಪೆಟ್ಟಿಗೆಯನ್ನೂ ಎಸೆದವರಲ್ಲ. ಆರನೆಯ ಸಂಜೆ ಬೀರುವಿನ ತಳದಲ್ಲಿ, 2006ರ ಪಂಚಾಂಗವೊಂದರ ಹಾಳೆಗಳ ನಡುವೆ ಆ ಸಿಡಿ ಸಿಕ್ಕಿತು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ “ಸ್ಕ್ಯಾನರ್ — ಕೊಡಬಾರದು” ಎಂದು ಬರೆದಿತ್ತು. ಯಾರಿಗೆ ಕೊಡಬಾರದು ಎಂದು ಅವರಿಗೂ ನೆನಪಿಲ್ಲ. ಡೆಸ್ಕ್‌ಟಾಪಿನಲ್ಲಿ ಸಿಡಿ ಡ್ರೈವ್ ಇರಲಿಲ್ಲ. ಸ್ಕ್ಯಾನರನ್ನು ಗುಜರಿಗೆ ಹಾಕಿ ಎಂದಿದ್ದ ಡಿಟಿಪಿ ಅಂಗಡಿಯವರೇ ತಮ್ಮ ಹಳೆಯ ಯಂತ್ರದಲ್ಲಿ ಸಿಡಿಯನ್ನು ಹಾಕಿ, ಅದರಲ್ಲಿದ್ದದ್ದನ್ನೆಲ್ಲ ಪೆನ್ ಡ್ರೈವಿಗೆ ಇಳಿಸಿಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಸಿಡಿಯಲ್ಲಿ ಬಿನ್ ಫೈಲ್ ನೇರವಾಗಿ ಕಾಣಲಿಲ್ಲ. ವಿಂಡೋಸ್ ಅನುಸ್ಥಾಪನೆಯ ಫೈಲುಗಳನ್ನು ಕ್ಯಾಬ್ ಎಂಬ ಕಟ್ಟಿನಲ್ಲಿ ಒತ್ತಿಡುತ್ತಾರೆ. ಡೆಬಿಯನ್‌ನಲ್ಲಿ ‘ಕ್ಯಾಬ್‌ಎಕ್ಸ್‌ಟ್ರ್ಯಾಕ್ಟ್’ ಹಾಕಿಕೊಂಡರೆ ಅದನ್ನು ಬಿಡಿಸಬಹುದು. ಒಂದೊಂದೇ ಕ್ಯಾಬ್ ಫೈಲಿನ ಒಳಪಟ್ಟಿ ನೋಡುತ್ತ ಹೋಗಿ, ಸಿಕ್ಕಿದ ಮೇಲೆ ಬಿಡಿಸಿ, ‘ಯುಎಸ್‌ಆರ್/ಶೇರ್/ಸೇನ್/ಸ್ನ್ಯಾಪ್‌ಸ್ಕ್ಯಾನ್’ ಎಂಬ ಫೋಲ್ಡರ್ ಮಾಡಿ ಅಲ್ಲಿಟ್ಟು, ಕಾನ್ಫ್ ಫೈಲಿನಲ್ಲಿ ಹೆಸರು ತಿದ್ದಿದ್ದಾಯಿತು. ಓಡಿಸಿದರೆ ಮತ್ತೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’.

ಆ ರಾತ್ರಿ ಫೋನಿನಲ್ಲಿ ಅವಳ ದನಿ ಅಳುವಂತಿತ್ತು. ಮರುದಿನ ನೋಡೋಣ ಎಂದು ಇಟ್ಟೆ. ದಣಿದಾಗ ಮಾಡಿದ ತಿದ್ದುಪಡಿಯೇ ಮುಂದಿನ ತೊಡಕಾಗುತ್ತದೆ. ಎಪ್ಸನ್2 ಪ್ರಸಂಗ ಆಗಲೇ ಅದನ್ನು ತೋರಿಸಿತ್ತು.

ಏಳನೆಯ ಸಂಜೆ ಫೋನಿನಲ್ಲಿ ಒಂದೊಂದೇ ಅಕ್ಷರ ಓದಿಸಿದೆ. ಕಾನ್ಫ್ ಫೈಲಿನಲ್ಲಿ ಎಲ್ಲವೂ ಸಣ್ಣ ಅಕ್ಷರ. ಕ್ಯಾಬ್‌ನಿಂದ ಬಂದ ಫೈಲಿನ ಮೊದಲ ‘ಇ’ ದೊಡ್ಡ ಅಕ್ಷರ. ವಿಂಡೋಸ್‌ಗೆ ಅವೆರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಫೈಲಿನ ಹೆಸರು ತಿದ್ದಿ, ಈ ಬಾರಿ ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಮೇಲೆ ಪೂರ್ಣ ಅಧಿಕಾರ ಕೊಡುವ ‘ಸುಡೊ’ವನ್ನು ಕಮಾಂಡಿನ ಮುಂದೆ ಹಚ್ಚಿ ಓಡಿಸಿದಳು. ಒಳಗಿನಿಂದ ಗರ್ರ್ ಎಂದು ಸದ್ದು ಬಂತು. ದೀಪದ ಪಟ್ಟಿ ಗಾಜಿನ ಕೆಳಗೆ ತೆವಳಿತು. ಮೇಷ್ಟ್ರು ಯಾರನ್ನೋ ಕೂಗಿ ಕರೆಯುವುದು ಫೋನಿನಲ್ಲಿ ಕೇಳಿಸಿತು.

ಸಂಭ್ರಮ ಹತ್ತು ನಿಮಿಷ. ಸುಡೊ ಇಲ್ಲದೆ ಓಡಿಸಿದರೆ ಹಳೆಯ ಹಾಡೇ. ನಾನು ಇಲ್ಲಿ ಎಡವಿದೆ, ಒಪ್ಪಿಕೊಳ್ಳುತ್ತೇನೆ. ರೂಟ್‌ಗೆ ಆಗುತ್ತದೆ, ಸಾಮಾನ್ಯ ಬಳಕೆದಾರನಿಗೆ ಆಗುವುದಿಲ್ಲ ಎಂದರೆ ಯುಎಸ್‌ಬಿ ಸಾಧನದ ಅನುಮತಿಯೇ ಕಾರಣ ಎಂದು ಹಿಂದುಮುಂದು ನೋಡದೆ ಹೇಳಿದೆ. ನೂರು ಸಲದಲ್ಲಿ ತೊಂಬತ್ತು ಸಲ ಅದೇ ಇರುತ್ತದೆ. ‘ಸ್ಕ್ಯಾನರ್’ ಗುಂಪಿಗೆ ಅವಳ ಬಳಕೆದಾರ ಹೆಸರನ್ನು ಸೇರಿಸಿ, ಲಾಗ್‌ಔಟ್ ಮಾಡಿ ಮತ್ತೆ ಒಳಬರಲು ಹೇಳಿದೆ. ಆಗಲಿಲ್ಲ. ಸಾಧನಗಳ ಅನುಮತಿ ನಿರ್ಧರಿಸುವ ಯೂಡೆವ್ ನಿಯಮಗಳನ್ನು ತಡಕಾಡಿಸಿದೆ, ಅಲ್ಲಿ ಎಲ್ಲವೂ ಸರಿಯಾಗಿತ್ತು. ಮುಕ್ಕಾಲು ಗಂಟೆ ಹೋದ ಮೇಲೆ ಡೀಬಗ್ ಓಡಿಸಿ ನೋಡಬೇಕೆಂಬ ಬುದ್ಧಿ ಬಂತು. ನಾನೇ ಮೊದಲು ಕಲಿಸಿದ್ದ ವಿದ್ಯೆ ಅದು. ಸಾಧನ ಸಲೀಸಾಗಿ ತೆರೆದುಕೊಳ್ಳುತ್ತಿತ್ತು, ಫರ್ಮ್‌ವೇರ್ ಫೈಲೇ ತೆರೆಯುತ್ತಿರಲಿಲ್ಲ. ‘ಎಲ್‌ಎಸ್ -ಎಲ್’ ಕೊಟ್ಟರೆ ಆ ಫೈಲಿನ ಅನುಮತಿ 600, ಅಂದರೆ ರೂಟ್ ಬಿಟ್ಟು ಬೇರೆ ಯಾರೂ ಓದುವಂತಿಲ್ಲ. 644 ಮಾಡಿದೊಡನೆ ಎಲ್ಲರಿಗೂ ಓಡಿತು.

ಅಂದರೆ ಒಂದೇ ಸಂದೇಶದ ಹಿಂದೆ ಮೂರು ಬೇರೆ ಬೇರೆ ಕಾರಣಗಳು ಸಾಲಾಗಿ ನಿಂತಿದ್ದವು. ಫೈಲ್ ಇರಲಿಲ್ಲ, ಇದ್ದಾಗ ಹೆಸರು ಹೊಂದಲಿಲ್ಲ, ಹೆಸರು ಹೊಂದಿದಾಗ ಓದಲು ಅನುಮತಿ ಇರಲಿಲ್ಲ. ಮೂರಕ್ಕೂ ಸಂದೇಶ ಒಂದೇ ಆದ್ದರಿಂದ ಮುಂದೆ ಹೋದದ್ದು ಹೊರಗಿನಿಂದ ಗೊತ್ತಾಗುತ್ತಿರಲಿಲ್ಲ. ಪ್ರತಿ ಬಾರಿಯೂ ಇದ್ದಲ್ಲೇ ಇದ್ದೇವೆ ಎನ್ನಿಸುತ್ತಿತ್ತು, ವಾಸ್ತವದಲ್ಲಿ ಒಂದೊಂದು ಮೆಟ್ಟಿಲು ಹತ್ತಿದ್ದೆವು.

ಎರಡನೆಯ ಪುಟ

ಎಂಟನೆಯ ಸಂಜೆ ಮೊದಲ ಸಂಪುಟ ಗಾಜಿನ ಮೇಲೆ ಕುಳಿತಿತು. ಮೊದಲ ಪುಟ ಚೆನ್ನಾಗಿ ಬಂತು, ಎರಡನೆಯದಕ್ಕೆ ಯಂತ್ರ ಕಲ್ಲಾಯಿತು. ಪ್ಲಗ್ ಕಿತ್ತು ಹಾಕಿದರೆ ಮತ್ತೆ ಒಂದು ಪುಟ, ಮತ್ತೆ ಕಲ್ಲು. ಹಳೆಯ ಸ್ಕ್ಯಾನರುಗಳು ಯುಎಸ್‌ಬಿ 3ರ ಕಿಂಡಿಯಲ್ಲಿ ಹೀಗೆ ಆಡುವುದು ಹೊಸದಲ್ಲ. ‘ಎಲ್‌ಎಸ್‌ಯುಎಸ್‌ಬಿ -ಟಿ’ ಕೊಟ್ಟರೆ ಯಾವ ಸಾಧನ ಯಾವ ನಿಯಂತ್ರಕದ ಕೆಳಗಿದೆ ಎಂಬ ಮರ ಕಾಣುತ್ತದೆ. ನಮ್ಮದು ಎಕ್ಸ್‌ಎಚ್‌ಸಿಐ ಎಂಬ ಯುಎಸ್‌ಬಿ 3ರ ನಿಯಂತ್ರಕದ ಕೆಳಗಿತ್ತು. ಮುಂಬದಿಯ ಕಿಂಡಿ ನೀಲಿ ಬಣ್ಣದ್ದೇ. 2013ರ ಯಂತ್ರವಾದ್ದರಿಂದ ಹಿಂದುಗಡೆ ಇಎಚ್‌ಸಿಐ ಎಂಬ ಹಳೆಯ ಯುಎಸ್‌ಬಿ 2ರ ನಿಯಂತ್ರಕಕ್ಕೆ ಸೇರಿದ ಕಪ್ಪು ಕಿಂಡಿಗಳೂ ಇದ್ದವು. ಒಂಬತ್ತನೆಯ ಸಂಜೆ ಮೇಜು ಎಳೆದು, ವೈರನ್ನು ಹಿಂದಕ್ಕೆ ಹಾಕಿದರು. ಒಂದೇ ಕೂರಿಕೆಗೆ 38 ಪುಟ ಬಂದವು. ಈಚಿನ ಯಂತ್ರಗಳಲ್ಲಿ ಕಪ್ಪು ಕಿಂಡಿಯೂ ಎಕ್ಸ್‌ಎಚ್‌ಸಿಐ ಕೆಳಗೇ ಇರುತ್ತದೆ. ಅಂಥವರು ‘ಸೇನ್_ಯುಎಸ್‌ಬಿ_ವರ್ಕ್‌ಅರೌಂಡ್’ಗೆ 1 ಎಂಬ ಬೆಲೆ ಕೊಟ್ಟು ನೋಡಬಹುದು. ನಮಗೆ ಅದು ಬೇಕಾಗಲಿಲ್ಲ, ಹಾಗಾಗಿ ಹಾಕಲೂ ಇಲ್ಲ.

ಆದದ್ದು

ಪುಟಗಳನ್ನು ಬಣ್ಣದಲ್ಲಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಲು ನಿರ್ಧರಿಸಿದೆವು. 600 ಬೇಕೆಂದು ಮೇಷ್ಟ್ರಿಗೆ ಆಸೆ. 180 ಗುಣಿಸು 240 ಮಿಲಿಮೀಟರಿನ ಒಂದು ಪುಟ 300ರಲ್ಲಿ ಕುಗ್ಗಿಸದೆ ಸುಮಾರು 18 ಎಂಬಿ, 600ರಲ್ಲಿ ಅದರ ನಾಲ್ಕರಷ್ಟು. 1,400 ಪುಟಕ್ಕೆ 25 ಜಿಬಿಯೋ 100 ಜಿಬಿಯೋ ಎಂಬುದಕ್ಕಿಂತ, ಒಂದು ಪುಟಕ್ಕೆ ಹಿಡಿಯುವ ಹೊತ್ತೇ ನಿರ್ಣಾಯಕವಾಯಿತು. ಮಾಸಿದ ಶಾಯಿಗೆ ಬಣ್ಣ ಮಾತ್ರ ಅಗತ್ಯ. ಕಪ್ಪು-ಬಿಳುಪಿನಲ್ಲಿ ಕಂದು ಅಕ್ಷರವೂ ಕಂದು ಕಾಗದವೂ ಕಲೆತುಹೋಗುತ್ತಿದ್ದವು. ಸಂಚಿಕೆಗಳ ಮುಖಪುಟಕ್ಕೆ ಮತ್ತು ಒಳಗಿನ ಚಿತ್ರಗಳಿಗೆ 600 ಉಳಿಸಿಕೊಂಡೆವು.

ಮೊದಲ ವಾರ ಪ್ರತಿ ಸಂಜೆಯ ಮೊದಲ ಎರಡು ಮೂರು ಪುಟಗಳ ಬಣ್ಣ ಉಳಿದವುಗಳಿಗೆ ಹೊಂದುತ್ತಿರಲಿಲ್ಲ. ಇಂಥ ಸ್ಕ್ಯಾನರುಗಳ ಒಳಗಿರುವುದು ಎಲ್‌ಇಡಿ ಅಲ್ಲ, ತಂಪು ಕ್ಯಾಥೋಡಿನ ಪ್ರತಿದೀಪ್ತ ನಳಿಗೆ. ಅದು ಬಿಸಿಯಾಗಿ ನೆಲೆಗೊಳ್ಳಲು ಹೊತ್ತು ಬೇಕು. ಗ್ರಂಥಾಲಯಕ್ಕೆ ಬಂದೊಡನೆ ಒಂದೆರಡು ಖಾಲಿ ಸ್ಕ್ಯಾನ್ ಮಾಡಿ, ಚಹಾ ಕುಡಿದು, ಆಮೇಲೆ ಕೆಲಸ ಶುರುಮಾಡುವುದು ರೂಢಿಯಾಯಿತು.

ಒಂಬತ್ತು ಸಂಜೆಗಳಲ್ಲಿ ನಿಜವಾದ ಕೆಲಸ ಎಷ್ಟು ಹೊತ್ತಿನದು ಎಂದು ಆಮೇಲೆ ಕುಳಿತು ಲೆಕ್ಕ ಹಾಕಿದೆವು. ಸಿಡಿ ಹುಡುಕಾಟ ಬಿಟ್ಟರೆ ಅರ್ಧ ಗಂಟೆಯದು. ಉಳಿದದ್ದೆಲ್ಲ ಹೋದದ್ದು ಒಂದೇ ಕಾರಣಕ್ಕೆ: ‘ಸ್ಕ್ಯಾನರ್ ಸಿಕ್ಕಿತು’ ಎಂಬ ಮೊದಲ ದಿನದ ಸಾಲನ್ನು ನಾವು ಅದರ ಅರ್ಥಕ್ಕಿಂತ ದೊಡ್ಡದಾಗಿ ಓದಿಕೊಂಡಿದ್ದೆವು. ತಂತಿಯ ತುದಿಯಲ್ಲಿ ಏನೋ ಇದೆ, ಅದು ಸ್ಕ್ಯಾನರಿನ ಹಾಗಿದೆ ಎಂದಷ್ಟೇ ಅದು ಹೇಳಿದ್ದು. ಯಾವ ಬ್ಯಾಕೆಂಡ್, ಅದಕ್ಕೆ ಏನು ಬೇಕು, ಅದು ಸಿಕ್ಕಿತೇ, ಓದಲು ಬಿಟ್ಟಿತೇ ಎಂಬುದು ಒಂದೊಂದೂ ಬೇರೆ ಪ್ರಶ್ನೆ, ಒಂದೊಂದಕ್ಕೂ ಕೇಳುವ ಜಾಗ ಬೇರೆ. ಇನ್ನೊಬ್ಬರು ಇಂಥದ್ದೇ ಕೆಲಸಕ್ಕೆ ಕೈ ಹಾಕುವುದಾದರೆ ‘ಸ್ಕ್ಯಾನ್‌ಇಮೇಜ್ -ಎಲ್’ ಸಾಲಿನ ಮೊದಲ ಪದವನ್ನು ಓದಿ, ಆ ಬ್ಯಾಕೆಂಡಿನ ಕೈಪಿಡಿ ಪುಟವನ್ನು ತೆರೆಯಲಿ. ಸ್ನ್ಯಾಪ್‌ಸ್ಕ್ಯಾನ್‌ನ ಪುಟದಲ್ಲಿ ಫರ್ಮ್‌ವೇರ್ ವಿಷಯ ಬರೆದೇ ಇತ್ತು, ಅದೂ ನಮ್ಮ ಕಂಪ್ಯೂಟರಿನೊಳಗೇ ಇತ್ತು. ಸುಡೊದಿಂದ ಓಡಿತೆಂದು ತೃಪ್ತಿಪಟ್ಟು ಅಲ್ಲಿಗೇ ಬಿಡುವವರೂ ಇದ್ದಾರೆ. ನಾವೂ ಹಾಗೆ ಬಿಟ್ಟಿದ್ದರೆ ಮೇಷ್ಟ್ರು ಪ್ರತಿ ಸಂಜೆ ರೂಟ್ ಆಗಿ ಕುಳಿತು 1,400 ಪುಟ ತೆಗೆಯಬೇಕಿತ್ತು. ಅದಕ್ಕಿಂತ ಗುಜರಿಯೇ ಮೇಲು.

ಐದನೆಯ ಸಂಪುಟದ ನಡುವೆ ಇರುವಾಗ ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಪುಟಗಳ ಪ್ರತಿ ಬೇರೆ ಡಿಸ್ಕಿನಲ್ಲಿತ್ತು, ನಷ್ಟವಾಗಲಿಲ್ಲ. ಹೊಸ ಎಸ್‌ಎಸ್‌ಡಿ ಹಾಕಿ ಡೆಬಿಯನ್ನನ್ನು ಮೊದಲಿನಿಂದ ಹಾಕಿದ ಮೇಲೆ ಸ್ಕ್ಯಾನರ್ ಮತ್ತೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಎಂದಿತಂತೆ. ಅದು ನನಗೆ ಗೊತ್ತಾದದ್ದು ಒಂದು ವಾರದ ನಂತರ, ವಿದ್ಯಾರ್ಥಿನಿ ಬೇರೇನೋ ಕೇಳಲು ಫೋನ್ ಮಾಡಿದಾಗ. ಬಿನ್ ಫೈಲನ್ನು ಅವಳು ಪುಟಗಳ ಜೊತೆಯಲ್ಲೇ ಇಟ್ಟುಕೊಂಡಿದ್ದಳು. ಸಿಡಿಯ ಮೇಲಿನ ಬರಹದ ಕೆಳಗೆ ಮೇಷ್ಟ್ರು ಈಗ ಇನ್ನೊಂದು ಸಾಲು ಸೇರಿಸಿದ್ದಾರಂತೆ: “ಮೊದಲ ಇ ಸಣ್ಣದು. 644.”